ಒಕ್ಕಲು ಮತ್ತು ಪರದೇಶಿ: ಬೈಲಕುಪ್ಪೆಯ ಟಿಬೆಟನ್ನರ ಪೌರತ್ವದ ಪ್ರಶ್ನೆ

'ಪರದೇಶಿ' ಎಂಬ ಪದಕ್ಕೆ ಕನ್ನಡದ ಆಡುಮಾತಿನಲ್ಲಿ ಎರಡು ಅರ್ಥಗಳಿವೆ. ಬೇರೆ ದೇಶದವನು ಎಂಬುದು ಒಂದು. ದಿಕ್ಕಿಲ್ಲದವನು ಎಂಬುದು ಇನ್ನೊಂದು. ಇದಕ್ಕೆ ಎದುರಾಗಿ ನಿಲ್ಲುವ ಪದ 'ಒಕ್ಕಲು'. ಹೊರಗಿನಿಂದ ಬಂದವರು ಒಂದೆಡೆ ನೆಲೆನಿಂತು, ಉತ್ತು ಬಿತ್ತಿ ಬಾಳತೊಡಗಿದರೆ ಅವರು ಅಲ್ಲಿ 'ಒಕ್ಕಲಾದರು' ಎನ್ನುತ್ತೇವೆ. ಅವರು ಎಲ್ಲಿ ಹುಟ್ಟಿದವರೆಂಬುದು ಈ ಮಾತಿನಲ್ಲಿ ಮುಖ್ಯವಾಗುವುದಿಲ್ಲ. (ಒಕ್ಕಲಾದವರಿಗೆಲ್ಲ ಊರು ಸಮಾನ ಸ್ಥಾನ ಕೊಟ್ಟಿತೆಂದಲ್ಲ, ಜಾತಿಯ ಅಳತೆ ಅಲ್ಲಿಯೂ ಇತ್ತು.) ದೀರ್ಘಕಾಲದ ವಾಸವೇ ಹಕ್ಕಿಗೆ ಆಧಾರವಾಗಬೇಕೆಂದು ಚಿಂತಕ ಜೋಸೆಫ್ ಕ್ಯಾರೆನ್ಸ್ ವಲಸೆಯ ನೀತಿಯನ್ನು ಕುರಿತ ತಮ್ಮ 2013ರ ಗ್ರಂಥದಲ್ಲಿ ವಾದಿಸುತ್ತಾರೆ. ಜನಪದರ ಈ ಗ್ರಹಿಕೆ ಅದಕ್ಕೆ ಸಮೀಪವಾದುದು.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಲ್ಲಿ ನೆಲೆಗೊಂಡ ಟಿಬೆಟನ್ನರು, ಮೈಸೂರು ರಾಜ್ಯ ನೀಡಿದ ಕಾಡುಭೂಮಿಯನ್ನು ಹಸನುಗೊಳಿಸಿ ಮುಸುಕಿನ ಜೋಳ ಬೆಳೆದರು. ಒಕ್ಕಲಾಗುವುದೆಂದರೆ ಇದೇ. ಆದರೆ ಕಾನೂನಿನ ಲೆಕ್ಕ ಬೇರೆ. 1955ರ ಪೌರತ್ವ ಕಾಯ್ದೆಯ 3ನೆಯ ಪ್ರಕರಣದ ಮೇರೆಗೆ, 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಭಾರತದಲ್ಲಿ ಜನಿಸಿದವರು ಹುಟ್ಟಿನಿಂದಲೇ ಪ್ರಜೆಗಳು. ಅನಂತರ ಜನಿಸಿದವರಿಗೆ ತಂದೆತಾಯಿಯರಲ್ಲಿ ಒಬ್ಬರಾದರೂ ಪ್ರಜೆಯಾಗಿರಬೇಕು. 2004ರ ಡಿಸೆಂಬರ್‌ನಿಂದ ನಿಯಮ ಮತ್ತಷ್ಟು ಬಿಗಿಯಾಯಿತು. ಹೀಗಾಗಿ ನಿರಾಶ್ರಿತ ದಂಪತಿಗಳಿಗೆ 1987ರ ಮೇ ತಿಂಗಳಲ್ಲಿ ಹುಟ್ಟಿದ ಮಗಳು ಭಾರತೀಯಳು; ಮರುವರ್ಷ ಅದೇ ಮನೆಯಲ್ಲಿ ಹುಟ್ಟಿದ ತಮ್ಮ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಬೇಕಾದ ವಿದೇಶಿ. ದೇಶೀಕರಣದ ವಿಧಿಯಿದ್ದರೂ ಅದು ಹಕ್ಕಲ್ಲ, ಸರ್ಕಾರದ ವಿವೇಚನೆ. ಭಾರತವು 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ. 1946ರ ವಿದೇಶಿಯರ ಕಾಯ್ದೆಯ ಸ್ಥಾನದಲ್ಲಿ 2025ರಲ್ಲಿ ಬಂದ ಹೊಸ ಕಾಯ್ದೆಯೂ 'ನಿರಾಶ್ರಿತ'ನನ್ನು ಪ್ರತ್ಯೇಕ ವರ್ಗವಾಗಿ ಗುರುತಿಸುವುದಿಲ್ಲ.

1987ಕ್ಕೆ ಮೊದಲು ಹುಟ್ಟಿದವರ ಹಕ್ಕನ್ನು ಕೂಡ ನ್ಯಾಯಾಲಯಗಳೇ ಹೇಳಬೇಕಾಯಿತು: 2010ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ, 2013ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ.

ಪೌರತ್ವವನ್ನೇ ಒಲ್ಲದ ಟಿಬೆಟನ್ನರೂ ಇದ್ದಾರೆ. ತಾಯ್ನಾಡಿಗೆ ಮರಳುವ ಹಕ್ಕೊತ್ತಾಯ ಅದರಿಂದ ಸಡಿಲವಾದೀತೆಂಬ ಅವರ ಆತಂಕ ಗೌರವಾರ್ಹವಾದುದು. ಆದರೆ ಅದನ್ನೇ ನೆವವಾಗಿಸಿ, ಇಲ್ಲಿಯೇ ಹುಟ್ಟಿ ಬೆಳೆದ ಮೂರನೆಯ ತಲೆಮಾರನ್ನೂ ವಿದೇಶಿಯಾಗಿ ಉಳಿಸುವುದು ಸಮರ್ಥನೀಯವೆನಿಸುವುದಿಲ್ಲ. 2017ರಲ್ಲಿ ಭಾರತೀಯ ಪಾಸ್‌ಪೋರ್ಟ್ ಕೋರಿದ ಟಿಬೆಟನ್ನರಿಗೆ ವಿಧಿಸಲಾದ ಷರತ್ತುಗಳು ಇನ್ನೂ ವಿಚಿತ್ರವಾದವು. ನೋಂದಣಿ ಪತ್ರವನ್ನು ಹಿಂದಿರುಗಿಸುವುದರ ಜೊತೆಗೆ ಅವರು ಟಿಬೆಟನ್ ವಸತಿನೆಲೆಯನ್ನೂ ತೊರೆಯಬೇಕಿತ್ತು. ಹಿರಿಯರು ಕಾಡು ಕಡಿದು ಒಕ್ಕಲಾದ ಊರನ್ನು ಬಿಟ್ಟರೆ ಮಾತ್ರ ದೇಶಕ್ಕೆ ಒಕ್ಕಲಾಗಬಹುದೆಂಬುದು ಅದರ ಅರ್ಥವಾಗಿತ್ತು.