ಜಾಮೀನು ಸಿಕ್ಕಿದೆ, ಬಿಡುಗಡೆ ಇಲ್ಲ

ಮುಂಬೈ ಪಕ್ಕದ ಠಾಣೆ ನಗರದ ಹಳೇ ಕೋಟೆಯೊಳಗೆ ಒಂದು ಜೈಲು. ಕಲ್ಯಾಣದ ಆಧಾರವಾಡಿಯಲ್ಲಿ ಇನ್ನೊಂದು. ನವಿ ಮುಂಬೈನ ತಲೋಜಾದಲ್ಲಿ ಮತ್ತೊಂದು. ಡೊಂಬಿವಲಿಯಲ್ಲಿ ಬೆಳಗಿನ ಲೋಕಲ್ ರೈಲು ಹತ್ತುವವರಿಗೆ ಇವುಗಳ ನೆನಪು ಬರುವುದು ಅಪರೂಪ.

ಒಳಗಿರುವವರು ಯಾರು? 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಪ್ರತಿ ನಾಲ್ವರಲ್ಲಿ ಮೂವರು ವಿಚಾರಣಾಧೀನರು. ಅಪರಾಧ ಇನ್ನೂ ಸಾಬೀತಾಗಿಲ್ಲ. ಎಷ್ಟೋ ಜನರಿಗೆ ಜಾಮೀನು ಮಂಜೂರಾಗಿರುತ್ತದೆ. ಶ್ಯೂರಿಟಿ ಕೊಡುವವರು ಸಿಗದೆ ಅಲ್ಲೇ ಉಳಿಯುತ್ತಾರೆ.

1990ರಲ್ಲಿ ಮುಂಬೈನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ಎಲ್ಲರ ಬಾಯಲ್ಲಿ ‘ಟಿಸ್’, ಈ ಕಗ್ಗಂಟಿಗೆ ಕೈಹಾಕಿತು. ಯೋಜನೆಯ ಹೆಸರು ‘ಪ್ರಯಾಸ್’. ಸಮಾಜಕಾರ್ಯ ಓದಿದವರು ಜೈಲಿನೊಳಗೆ ಹೋಗಿ ಕೈದಿಗಳನ್ನು ಮಾತಾಡಿಸಿದರು. ಮನೆಯವರಿಗೆ ಸುದ್ದಿ ಮುಟ್ಟಿಸುವುದು, ಉಚಿತ ಕಾನೂನು ನೆರವು ಕೊಡಿಸುವುದು, ಹೊರಬಂದವರಿಗೆ ದುಡಿಮೆಯ ದಾರಿ ಹುಡುಕುವುದು: ಎಲ್ಲವೂ ಓಡಾಟದ ಕೆಲಸ. ಮುಂಬೈ ದಾಟಿ ಠಾಣೆ, ನವಿ ಮುಂಬೈ ಕಡೆಗೂ ಅದು ಹಬ್ಬಿತು.

ಯೋಜನೆಯನ್ನು ಮುನ್ನಡೆಸಿದ ಟಿಸ್ ಪ್ರಾಧ್ಯಾಪಕ ವಿಜಯ್ ರಾಘವನ್ 2016ರಲ್ಲಿ ‘ಇಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ವಿಚಾರಣಾಧೀನರ ದೀರ್ಘ ಕಾಯುವಿಕೆಯ ಬಗ್ಗೆಯೇ ಬರೆದರು. ಸಂಶೋಧಕರ ಪ್ರಭಾವ ಅಳೆಯಲು ವಿಶ್ವವಿದ್ಯಾಲಯಗಳು ಇಂಥ ಬರಹಗಳಿಗೆ ಸಿಕ್ಕ ಉಲ್ಲೇಖಗಳನ್ನು ಎಣಿಸುತ್ತವೆ. ಆ ಲೆಕ್ಕದೊಳಗೆ ಜೈಲಿನಿಂದ ಮನೆ ಸೇರಿದವನು ಬರುವುದೇ ಇಲ್ಲ!

ಕಾನೂನೂ ತುಸು ಮುಂದೆ ಬಂದಿದೆ. 2024ರ ಜುಲೈ 1ರಂದು ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ದೋಷಿ ಎನಿಸಿಕೊಳ್ಳದ ವಿಚಾರಣಾಧೀನರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೇ ಕಳೆದರೆ ಅವರನ್ನು ಬಾಂಡ್ ಮೇಲೆ ಬಿಡಬೇಕು. ಮರಣದಂಡನೆ, ಜೀವಾವಧಿ ಶಿಕ್ಷೆಯ ಪ್ರಕರಣಗಳಿಗೆ ಇದು ಅನ್ವಯಿಸದು. ಹಲವು ಕೇಸು ಇದ್ದವರಿಗೂ ಇಲ್ಲ. ಅವಧಿ ತುಂಬಿದ ಕೂಡಲೇ ನ್ಯಾಯಾಲಯಕ್ಕೆ ಅರ್ಜಿ ಬರೆಯಬೇಕಾದವರು ಜೈಲು ಸೂಪರಿಂಟೆಂಡೆಂಟ್.