ಮಿಡಿಸೌತೆಗೆ ಸಿಕ್ಕ ದಾರಿ, ಕಡಲೆಕಾಯಿಗೆ ಸಿಗದ ದಾರಿ

ಮಿಡಿಸೌತೆ ಬೆಳೆದ ಮನೆಯವರಿಗೆ ಭಾನುವಾರವೂ ಇಲ್ಲ, ಹಬ್ಬವೂ ಇಲ್ಲ. ಬಳ್ಳಿ ಕಾಯಿ ಬಿಡಲು ಶುರುವಾದರೆ ದಿನಾ ಸಾಲುಸಾಲಿಗೆ ಬಗ್ಗಿ, ಎಲೆ ಸರಿಸಿ, ಒಂದೊಂದನ್ನೇ ಕಿತ್ತು ಬರಬೇಕು. ಇವತ್ತು ಕಿರುಬೆರಳಿನಷ್ಟಿದ್ದ ಕಾಯಿ ಕಣ್ತಪ್ಪಿ ಉಳಿದರೆ ನಾಳೆಗೆ ದಪ್ಪಗಾಗಿ ದರ ಕಳೆದುಕೊಳ್ಳುತ್ತದೆ. ಒಂದು ಕಿಲೋಗೆ 160ಕ್ಕಿಂತ ಹೆಚ್ಚು ಮಿಡಿ ತೂಗಿದರೆ ಅದು ಮೇಲಿನ ದರ್ಜೆ. ಕಾಯಿ ದಪ್ಪಗಾದಷ್ಟೂ ಕಾಸು ಕಡಿಮೆ. ಹೊಲದಲ್ಲಿ ಬಗ್ಗಿರುವವರು ಹೆಚ್ಚಾಗಿ ಹೆಂಗಸರು. ತುಮಕೂರು ಜಿಲ್ಲೆಯಲ್ಲಿ ಬೋರ್‌ವೆಲ್ ನೀರಿರುವ ತುಂಡು ಹೊಲಗಳಿಗೆ ಹೊಂದಿಕೊಂಡ ಈ ಬೆಳೆಯನ್ನು ಬೆಳೆದವರು ತಿನ್ನುವುದಿಲ್ಲ, ತೋವಿನಕೆರೆಯಂಥ ಊರಿನ ಸಂತೆಯಲ್ಲಿ ಅದನ್ನು ಕೇಳುವವರೂ ಇಲ್ಲ. ಅದು ಉಪ್ಪುನೀರು, ವಿನೆಗರ್ ತುಂಬಿದ ಡ್ರಮ್ಮು ಸೇರಿ ಅಮೆರಿಕ, ಫ್ರಾನ್ಸ್, ಜರ್ಮನಿ, ಸ್ಪೇನ್, ರಷ್ಯಾಗಳ ಊಟದ ಮೇಜಿಗೆ ಹೋಗುತ್ತದೆ.

ಇದೇ ಸೀಮೆಯ ಇನ್ನೊಂದು ಬೆಳೆಯ ಕಥೆ ಬೇರೆ. ಪಾವಗಡ, ಮಧುಗಿರಿ, ಸಿರಾ, ಕೊರಟಗೆರೆಗಳ ಕೆಂಪು ಹೊಲಗಳಲ್ಲಿ ಮಳೆಯನ್ನೇ ನಂಬಿ ಬಿತ್ತುವ ಕಡಲೆಕಾಯಿ ತಲೆಮಾರುಗಳಿಂದ ಮನೆಗೆ ರೊಕ್ಕ ತಂದದ್ದು. ಕಾಯಿ ಮಂಡಿಗೆ, ಬಳ್ಳಿ ದನದ ಮೇವಿಗೆ, ಹಿಂಡಿ ಕರೆಯುವ ಎಮ್ಮೆಗೆ, ಅಕ್ಕಡಿ ಸಾಲಿನ ತೊಗರಿ, ಅವರೆ ಅಡುಗೆಮನೆಗೆ. ಭಾರತ ತನ್ನ ಮಾರುಕಟ್ಟೆಯನ್ನು ಜಗತ್ತಿಗೆ ತೆರೆದ ಮೂರು ದಶಕಗಳಲ್ಲಿ ಒಂದು ಬೆಳೆ ಕಡಲು ದಾಟಿತು, ಇನ್ನೊಂದು ತನ್ನೂರಿನ ಎಣ್ಣೆ ಮಿಲ್ಲಿನಲ್ಲೇ ಸೋತಿತು. ಯಾಕೆ ಹೀಗಾಯಿತು ಎಂದು ಕೇಳಿದರೆ 'ಡಬ್ಲ್ಯುಟಿಒ' (ವಿಶ್ವ ವ್ಯಾಪಾರ ಸಂಸ್ಥೆ) ಎಂಬ ಒಂದೇ ಉತ್ತರ ಸಾಲದು.

1991ರ ಬೇಸಿಗೆಯಲ್ಲಿ ದೇಶದ ಬೊಕ್ಕಸದಲ್ಲಿ ಎರಡು ಮೂರು ವಾರಗಳ ಆಮದಿಗೆ ಸಾಲುವಷ್ಟು ಮಾತ್ರ ವಿದೇಶಿ ಹಣವಿತ್ತು. ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನ ಅಡವಿಟ್ಟಿತು. ಜುಲೈನಲ್ಲಿ ರೂಪಾಯಿಯ ಬೆಲೆ ಇಳಿಸಿ, ಲೈಸೆನ್ಸ್ ಕಟ್ಟುಪಾಡು ಸಡಿಲಿಸಿ, ಸುಂಕದ ಗೋಡೆ ಕೆಳಗಿಳಿಸುವ ಕೆಲಸ ಆರಂಭವಾಯಿತು. ಹಾಗೆಂದು ಜಾಗತಿಕ ವ್ಯಾಪಾರದ ಕೂಟಕ್ಕೆ ಭಾರತ ಹೊಸದಾಗಿ ಬಾಗಿಲು ತಟ್ಟಿ ಒಳಹೋದ ದೇಶವಲ್ಲ. 1948ರಿಂದಲೇ ಸುಂಕ, ವ್ಯಾಪಾರ ಕುರಿತ ಗ್ಯಾಟ್ ಒಪ್ಪಂದದಲ್ಲಿತ್ತು, 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಹುಟ್ಟಿದಾಗ ಸ್ಥಾಪಕ ಸದಸ್ಯನಾಗಿತ್ತು. ಚೀನಾ ಹದಿನೈದು ವರ್ಷ ಮಾತುಕತೆ ನಡೆಸಿ 2001ರ ಡಿಸೆಂಬರ್‌ನಲ್ಲಿ ಸೇರಿತು, ವಿಯೆಟ್ನಾಂ 2007ರಲ್ಲಿ, ರಷ್ಯಾ 2012ರಲ್ಲಿ. ಆದರೆ ಸದಸ್ಯತ್ವವಿದ್ದೂ ಭಾರತ ನೂರಾರು ಸರಕುಗಳ ಆಮದಿಗೆ ನಿರ್ಬಂಧ ಹಾಕಿಕೊಂಡಿತ್ತು. ಅಮೆರಿಕ ದೂರು ಕೊಟ್ಟಿತು, ಭಾರತ ಸೋತಿತು. 2001ರ ಏಪ್ರಿಲ್ 1ರಂದು ಕೊನೆಯ 715 ಸರಕುಗಳ ಮೇಲಿನ ಪರಿಮಾಣ ನಿರ್ಬಂಧವೂ ಹೋಯಿತು.

ಮಾರುಕಟ್ಟೆ ತೆರೆದುಕೊಳ್ಳುವ ಸುದ್ದಿ ಕರ್ನಾಟಕದ ಹಳ್ಳಿಗಳಿಗೆ ಮೊದಲೇ ಮುಟ್ಟಿತ್ತು. ಗ್ಯಾಟ್ ಮಾತುಕತೆಯ ಕರಡಾದ 'ಡಂಕೆಲ್ ಪ್ರಸ್ತಾವ' ಎಂಬ ಮಾತು ಟೀ ಅಂಗಡಿಗಳಲ್ಲಿ ಓಡಾಡಿದ ರಾಜ್ಯ ಇದು. ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅವರ ರೈತ ಸಂಘ 1993ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿ ಗ್ಯಾಟ್ ವಿರುದ್ಧ ಲಕ್ಷಾಂತರ ರೈತರನ್ನು ಸೇರಿಸಿತ್ತು. ಬೀಜದ ಹಕ್ಕು ಕಂಪನಿಗಳ ಪಾಲಾಗುತ್ತದೆ, ಅಗ್ಗದ ಆಮದು ರೈತನನ್ನು ಮುಳುಗಿಸುತ್ತದೆ ಎಂಬುದು ಅವರ ಆತಂಕ. ಎರಡನೆಯ ಮಾತು ಕಡಲೆಕಾಯಿಯ ಮಟ್ಟಿಗಂತೂ ನಿಜವಾಯಿತು.

ಮಿಡಿಸೌತೆ ಕರ್ನಾಟಕಕ್ಕೆ ಬಂದದ್ದು ಅದೇ ವರ್ಷಗಳಲ್ಲಿ. ಇಲ್ಲಿ ಆರಂಭವಾಗಿ ಆಮೇಲೆ ತಮಿಳುನಾಡು, ಆಂಧ್ರ, ತೆಲಂಗಾಣಕ್ಕೆ ಹಬ್ಬಿತು. ಕೃಷಿ ರಫ್ತು ನೋಡಿಕೊಳ್ಳುವ ಕೇಂದ್ರ ಸಂಸ್ಥೆ ಅಪೆಡಾ 2022ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಸುಮಾರು 90,000 ಸಣ್ಣ ರೈತರು 65,000 ಎಕರೆಯಲ್ಲಿ ಒಪ್ಪಂದದ ಮೇಲೆ ಇದನ್ನು ಬೆಳೆಯುತ್ತಾರೆ. 2020–21ರಲ್ಲಿ ರಫ್ತಾದದ್ದು 2,23,515 ಟನ್, ಬಂದ ಹಣ 22.3 ಕೋಟಿ ಡಾಲರ್. ಕಂಪನಿ ಬೀಜ, ಗೊಬ್ಬರ, ಔಷಧಿ ಸಾಲವಾಗಿ ಕೊಡುತ್ತದೆ, ಮೇಲ್ವಿಚಾರಕ ಹೊಲಕ್ಕೆ ಬಂದು ನೋಡುತ್ತಾನೆ, ದರ ಬಿತ್ತುವ ಮೊದಲೇ ಗೊತ್ತಾಗಿರುತ್ತದೆ, ಸಾಲ ಮುರಿದುಕೊಂಡು ಉಳಿದದ್ದು ರೈತನ ಕೈಗೆ. ತೊಂಬತ್ತು ದಿನದ ಬೆಳೆ. ಎಕರೆಗೆ ನಾಲ್ಕು ಟನ್ ಇಳುವರಿ, 80,000 ರೂಪಾಯಿ ಆದಾಯ, ಖರ್ಚು ಕಳೆದು 40,000 ಎಂಬುದು ಅಪೆಡಾ ಹೇಳುವ ಸರಾಸರಿ. ಸರಾಸರಿ ಎಂದಮೇಲೆ ಬೂಜು ರೋಗಕ್ಕೆ ಬಳ್ಳಿ ಸುಟ್ಟವರೂ ಅದರಲ್ಲಿದ್ದಾರೆ. ದರ್ಜೆ ಕಟ್ಟುವ ತಕ್ಕಡಿ ಕೊಳ್ಳುವವನ ಕೈಯಲ್ಲೇ ಇರುವುದು ಈ ಏರ್ಪಾಟಿನ ದೊಡ್ಡ ಕೊರತೆ. ಆದರೂ ಬೆಲೆ ಬಿದ್ದುಹೋಗುವ ಭಯ ರೈತನೊಬ್ಬನ ತಲೆಯ ಮೇಲಿಲ್ಲ.

ಗಡಿ ದಾಟುವ ಕೆಲಸವೂ ಹಗುರವಾಗಿದೆ. ಹಿಂದೆ ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯಬೇಕಿತ್ತು. ಸರಕನ್ನು ಸುಂಕದವರ ಕಣ್ಣೆದುರೇ ತುಂಬಿ ಮೊಹರು ಹಾಕಿಸಬೇಕಿತ್ತು. 2016ರ ಏಪ್ರಿಲ್‌ನಲ್ಲಿ ಸುಂಕ ಇಲಾಖೆ ಹಲವು ಇಲಾಖೆಗಳ ಆಮದು ಅನುಮತಿಗಳನ್ನು ಒಂದೇ ಆನ್‌ಲೈನ್ ಕಿಟಕಿಗೆ ತಂದಿತು. 2017ರಲ್ಲಿ ರಫ್ತುದಾರರು ತಮ್ಮ ಕಾರ್ಖಾನೆಯಲ್ಲೇ ಕಂಟೇನರ್ ತುಂಬಿ ತಾವೇ ಎಲೆಕ್ಟ್ರಾನಿಕ್ ಮೊಹರು ಹಾಕುವ ಪದ್ಧತಿ ಬಂತು. ಅದೇ ವರ್ಷ ಫೆಬ್ರವರಿ 22ರಂದು ವಿಶ್ವ ವ್ಯಾಪಾರ ಸಂಸ್ಥೆಯ ವ್ಯಾಪಾರ ಸುಗಮತೆ ಒಪ್ಪಂದ ಜಾರಿಗೆ ಬಂದಿತ್ತು. ಬಂದರಿನಲ್ಲಿ ಕಂಟೇನರ್ ಒಂದು ದಿನ ನಿಂತರೂ ಬಾಡಿಗೆ ಏರುತ್ತದೆ, ಆ ಖರ್ಚು ಸುತ್ತಿ ಸುತ್ತಿ ಬೆಳೆದವನ ದರದಲ್ಲೇ ಕಡಿತವಾಗುತ್ತದೆ. ಹಾಗಾಗಿ ಈ ಸುಧಾರಣೆಗಳು ಕಚೇರಿಯ ಸುದ್ದಿ ಮಾತ್ರ ಅಲ್ಲ.

ಇನ್ನು ಎಣ್ಣೆ. 1994ರ ತನಕ ಖಾದ್ಯ ತೈಲದ ಆಮದು ಸರ್ಕಾರಿ ಸಂಸ್ಥೆಗಳ ಕೈಯಲ್ಲಿತ್ತು. 1986ರಲ್ಲಿ ಆರಂಭವಾದ ಎಣ್ಣೆಕಾಳು ಮಿಷನ್‌ನಿಂದ ತೊಂಬತ್ತರ ದಶಕದ ಆರಂಭಕ್ಕೆ ದೇಶ ಹೆಚ್ಚುಕಡಿಮೆ ಸ್ವಾವಲಂಬಿಯಾಗಿತ್ತು. 1994ರಲ್ಲಿ ಪಾಮೋಲಿನ್ ಆಮದು ಖಾಸಗಿಯವರಿಗೆ ಮುಕ್ತವಾಯಿತು, ಸುಂಕ ಶೇ. 65. 1998ರ ಹೊತ್ತಿಗೆ ಆ ಸುಂಕ ಶೇ. 15ಕ್ಕೆ ಇಳಿದಿತ್ತು. ಮಲೇಷ್ಯಾ, ಇಂಡೊನೇಷ್ಯಾಗಳ ತಾಳೆ ಎಣ್ಣೆ ಹಡಗುಗಟ್ಟಲೆ ಬಂತು. ಇವತ್ತು ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನದು.

ಇಲ್ಲಿ ಜನಕ್ಕೆ ಸರಿಯಾಗಿ ತಿಳಿಯದ ಒಂದು ಸಂಗತಿಯಿದೆ. ತಾಳೆ ಎಣ್ಣೆಗೆ ಶೇ. 300ರವರೆಗೆ ಸುಂಕ ಹಾಕುವ ಹಕ್ಕನ್ನು ಭಾರತ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಉಳಿಸಿಕೊಂಡಿದೆ. ಸೋಯಾ ಎಣ್ಣೆಗೆ ಮಾತ್ರ ಶೇ. 45ರ ಮಿತಿ. ಅಂದರೆ ತಾಳೆ ಎಣ್ಣೆಯ ವಿಷಯದಲ್ಲಿ ಆ ಸಂಸ್ಥೆಯ ಕೇಂದ್ರವಾದ ಜಿನೀವಾ ಯಾರ ಕೈಯನ್ನೂ ಕಟ್ಟಿರಲಿಲ್ಲ. ಸುಂಕ ಇಳಿಸಿದ್ದು ದೆಹಲಿ, ಪಟ್ಟಣದ ಗಿರಾಕಿಗೆ ಎಣ್ಣೆ ಅಗ್ಗವಾಗಲಿ ಎಂದು. ಆ ಸುಂಕವೂ ಒಂದು ಕಡೆ ನಿಲ್ಲಲಿಲ್ಲ. ಕಚ್ಚಾ ತಾಳೆ ಎಣ್ಣೆಯ ಸುಂಕ 2018ರಲ್ಲಿ ಶೇ. 44ಕ್ಕೇರಿತ್ತು. 2021ರಲ್ಲಿ ಮೂಲ ಸುಂಕ ಸೊನ್ನೆಯಾಯಿತು, 2024ರ ಸೆಪ್ಟೆಂಬರ್‌ನಲ್ಲಿ ಶೇ. 20ಕ್ಕೆ ಏರಿತು, 2025ರ ಮೇ ಕೊನೆಗೆ ಮತ್ತೆ ಶೇ. 10ಕ್ಕೆ ಇಳಿಯಿತು. ಮೇ ಕೊನೆ ಎಂದರೆ ಪಾವಗಡದಲ್ಲಿ ಹೊಲ ಹಸನು ಮಾಡಿ ಬಿತ್ತನೆ ಬೀಜ ಹೊಂದಿಸುವ ಹೊತ್ತು. ಬಿತ್ತುವಾಗ ಇದ್ದ ಲೆಕ್ಕ ಕೀಳುವಾಗ ಇರದಿದ್ದರೆ ಮಳೆಯಾಶ್ರಯದ ರೈತ ಯಾವ ಧೈರ್ಯದ ಮೇಲೆ ಸಾಲ ಮಾಡಬೇಕು?

ಪಕ್ಕದ ಚಳ್ಳಕೆರೆ ಒಂದು ಕಾಲಕ್ಕೆ ಎಣ್ಣೆ ಮಿಲ್ಲುಗಳಿಂದಲೇ ಹೆಸರಾಗಿದ್ದ ಊರು. ಅಲ್ಲಿ ಬಾಗಿಲು ಮುಚ್ಚಿದ ಮಿಲ್ಲುಗಳು ಹಲವು. ಪಾವಗಡದ ತಿರುಮಣಿ ಸುತ್ತ ಸುಮಾರು 13,000 ಎಕರೆ ಈಗ ಸೌರ ಪಾರ್ಕ್. ರೈತರು ಜಮೀನು ಮಾರದೆ, ಆರಂಭದಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಬರ ಅದಕ್ಕೆ ಮುಖ್ಯ ಕಾರಣ ಎನ್ನುವುದು ಸರಿ, ಆದರೆ ಕಡಲೆಕಾಯಿಗೆ ನಂಬುವಂಥ ಬೆಲೆಯಿದ್ದಿದ್ದರೆ ಆ ನಿರ್ಧಾರ ಅಷ್ಟು ಸಲೀಸಾಗುತ್ತಿರಲಿಲ್ಲ.

ಕಡಲೆಕಾಯಿಗೆ ಹೊರಗೆ ಗಿರಾಕಿಯೇ ಇಲ್ಲವೆಂದಲ್ಲ. ಮುಖ್ಯವಾಗಿ ಗುಜರಾತಿನ ಕಾಯಿ ಇಂಡೊನೇಷ್ಯಾ, ವಿಯೆಟ್ನಾಂಗಳಿಗೆ ಹೋಗುತ್ತದೆ. ತಡೆ ಇರುವುದು ಸುಂಕದಲ್ಲಲ್ಲ, ಬೂಷ್ಟಿನಲ್ಲಿ. ಕಾಯಿ ಸರಿಯಾಗಿ ಒಣಗದಿದ್ದರೆ ಹಿಡಿಯುವ ಶಿಲೀಂಧ್ರ ಅಫ್ಲಾಟಾಕ್ಸಿನ್ ಎಂಬ ವಿಷ ಉಂಟುಮಾಡುತ್ತದೆ. ನೇರವಾಗಿ ತಿನ್ನುವ ಕಡಲೆಕಾಯಿಯಲ್ಲಿ ಅದು ಕಿಲೋಗೆ 4 ಮೈಕ್ರೊಗ್ರಾಂ ಮೀರಿದರೆ ಯೂರೋಪು ಒಳಗೆ ಬಿಡುವುದಿಲ್ಲ. ಕಿತ್ತ ಗಿಡವನ್ನು ಬುಡ ಮೇಲಾಗಿ ಒಣಗಿಸುವುದು, ನೆಲದ ತೇವ ತಾಗದ ಹಾಗೆ ಟಾರ್ಪಾಲಿನ ಮೇಲೆ ಹರಡುವುದು, ಮಧುಗಿರಿ, ಪಾವಗಡ, ಸಿರಾ ಎಪಿಎಂಸಿಗಳಲ್ಲಿ ಒಣಕಣ ಮತ್ತು ಪರೀಕ್ಷೆಯ ಸೌಲಭ್ಯ ಇಡುವುದು, ಎಣ್ಣೆಯ ಸುಂಕವನ್ನು ಬಿತ್ತನೆಗೆ ಮುಂಚೆ ಘೋಷಿಸಿ ಮಂಡಿಗೆ ಕಾಯಿ ಬರುವವರೆಗೆ ಅಲುಗಾಡಿಸದಿರುವುದು: ಇವುಗಳಿಗೆ ಜಿನೀವಾದ ಒಪ್ಪಿಗೆ ಬೇಕಿಲ್ಲ. ಮೊದಲಿನವು ಬೆಂಗಳೂರಿನ ಬಜೆಟ್ಟಿನಲ್ಲಿ ಆಗುವ ಕೆಲಸ, ಕೊನೆಯದಕ್ಕೆ ಕೇಂದ್ರ ಹಣಕಾಸು ಸಚಿವಾಲಯದ ಒಂದು ಅಧಿಸೂಚನೆ ಸಾಕು.