ಜಪಾನಿನ ಬೇಸಿಗೆ, ರಾಮನಗರದ ಹುಳುಮನೆ

ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಯೊಕೊಹಾಮಾ ಬಂದರಿನ ಸ್ಟುಡಿಯೊಗಳು ಕೈಯಲ್ಲೇ ಬಣ್ಣ ತುಂಬಿದ ಫೋಟೊಗಳನ್ನು ಪರದೇಶದ ಪ್ರವಾಸಿಗರಿಗೆ ಮಾರುತ್ತಿದ್ದವು. ಫ್ಯೂಜಿ ಬೆಟ್ಟ, ಚಹಾ ತೋಟ, ಕೊಡೆ ಹಿಡಿದ ಹೆಂಗಸರು ಇವೆಲ್ಲದರ ನಡುವೆ ರೇಷ್ಮೆ ಹುಳು ಸಾಕುವ ಮನೆಯ ಚಿತ್ರವೂ ಇರುತ್ತಿತ್ತು. ಉಡುಗೆಯ ತೋಳನ್ನು ಮೇಲಕ್ಕೆ ಬಿಗಿದು ಕಟ್ಟಿಕೊಂಡ ಹೆಂಗಸರು ಬಿದಿರಿನ ತಟ್ಟೆಗಳಿಗೆ ಹಿಪ್ಪುನೇರಳೆ ಸೊಪ್ಪು ಹರಡುತ್ತಿರುತ್ತಾರೆ. ಇನ್ನೊಂದರಲ್ಲಿ ಒಲೆಯ ಮುಂದೆ ಕೂತು ಬಿಸಿನೀರಿನ ಪಾತ್ರೆಯಿಂದ ಎಳೆ ಎತ್ತುತ್ತಿರುತ್ತಾರೆ. ಕನಕಪುರ ಕಡೆಯ ಅಜ್ಜಿಯೊಬ್ಬರ ಮುಂದೆ ಈ ಚಿತ್ರಗಳನ್ನು ಇಟ್ಟರೆ ಉಡುಗೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಅವರಿಗೆ ಗುರುತು ಸಿಗುತ್ತದೆ. ತಟ್ಟೆ ಅದೇ, ಸೊಪ್ಪು ಅದೇ, ಬಗ್ಗಿದ ಬೆನ್ನೂ ಅದೇ.

1930ರ ಹೊತ್ತಿಗೆ ಜಪಾನಿನ ಹತ್ತು ರೈತ ಕುಟುಂಬಗಳಲ್ಲಿ ನಾಲ್ಕು ರೇಷ್ಮೆ ಸಾಕುತ್ತಿದ್ದವು. ಲೆಕ್ಕದಲ್ಲಿ 20 ಲಕ್ಷಕ್ಕೂ ಹೆಚ್ಚು ಮನೆ. ಇಂದು ಇಡೀ ದೇಶದಲ್ಲಿ ಇನ್ನೂರು ಮನೆಯೂ ಉಳಿದಿಲ್ಲ. ಹಳ್ಳಿಯ ಬೇಸಿಗೆ ಎಂದರೆ ಹುಳುವಿನ ಬೆಳೆ ಎಂದೇ ಬದುಕಿದ ಒಂದು ದೇಶದ ದಿನಚರಿ ಅಲ್ಲಿ ಫೋಟೊ ಸೇರಿತು. ಕಣ್ಣಾರೆ ನೋಡಬೇಕೆಂದರೆ ಬೆಂಗಳೂರು–ಮೈಸೂರು ಹೆದ್ದಾರಿ ಹಿಡಿದು ರಾಮನಗರಕ್ಕೆ ಬರಬೇಕು.

ರಾಮನಗರದ ಸರ್ಕಾರಿ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ನಸುಕಿನಲ್ಲೇ ಗೂಡಿನ ಮೂಟೆಗಳು ಬಂದಿಳಿಯುತ್ತವೆ. ಹೊರ ಜಿಲ್ಲೆಗಳಿಂದ, ಗಡಿ ದಾಟಿ ಆಂಧ್ರ, ತಮಿಳುನಾಡಿನಿಂದಲೂ ರೈತರು ಬರುತ್ತಾರೆ. ಗೂಡನ್ನು ಜಾಲರಿಗೆ ಸುರಿದು, ಲಾಟ್ ನಂಬರ್ ಹಾಕಿಸಿ, ಪಕ್ಕದಲ್ಲೇ ಕಾಯುತ್ತಾರೆ. ಹಿಂದೆ ಕೂಗಿ ಹರಾಜು ಹಾಕುತ್ತಿದ್ದರು, ಈಗ ಇ-ಹರಾಜು. ಗೂಡಿನಿಂದ ನೂಲು ತೆಗೆಯುವ ರೀಲರ್‌ಗಳು ಮೊಬೈಲ್‌ನಲ್ಲೇ ದರ ಒತ್ತುತ್ತಾರೆ. ಒತ್ತುವ ಮೊದಲು ಮಾತ್ರ ಕೈಯೇ ಮಾತಾಡಬೇಕು. ಅನುಭವಸ್ಥ ರೀಲರ್ ಜಾಲರಿಯ ತಳದವರೆಗೆ ಕೈ ಹಾಕಿ ಒಂದು ಹಿಡಿ ತೆಗೆಯುತ್ತಾನೆ, ಬೆರಳಲ್ಲಿ ಒತ್ತಿ ಚಿಪ್ಪಿನ ಗಟ್ಟಿತನ ನೋಡುತ್ತಾನೆ, ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಒಳಗಿನ ಕೋಶ ಚೆನ್ನಾಗಿ ಕಟ್ಟಿದ್ದರೆ ಸದ್ದು ಸ್ವಚ್ಛವಾಗಿ ಕೇಳುತ್ತದೆ. ಹುಳು ಒಳಗೇ ಸತ್ತು ಕರಗಿದ್ದರೆ ಸದ್ದೇ ಇರುವುದಿಲ್ಲ, ಚಿಪ್ಪಿನ ಮೇಲೆ ಕಲೆ ಮೂಡಿರುತ್ತದೆ. ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಎಷ್ಟಿವೆ ಎಂಬುದೂ ಅಷ್ಟರಲ್ಲೇ ಅವನ ಲೆಕ್ಕಕ್ಕೆ ಸಿಕ್ಕಿರುತ್ತದೆ. ರೈತ ತಿಂಗಳಿಡೀ ನಿದ್ದೆಗೆಟ್ಟದ್ದಕ್ಕೆ ಬೆಲೆ ಕಟ್ಟುವುದು ಆ ಒಂದು ನಿಮಿಷ.

ಜಾಲರಿಗಳಲ್ಲಿ ಎರಡು ಬಣ್ಣ. ಹಳದಿಯದು ಮಿಶ್ರತಳಿ, ಬಿಳಿಯದು ವರ್ಷಕ್ಕೆ ಎರಡು ಪೀಳಿಗೆಯ ದ್ವಿತಳಿ. ಆ ಬಿಳಿ ಗೂಡಿನ ವಂಶದಲ್ಲಿ ಜಪಾನಿದೆ.

ಜಪಾನ್ ಎಂದರೆ ಈ ಸೀಮೆಯಲ್ಲಿ ಎಲ್ಲರೂ ಬಿಡದಿಯ ಟೊಯೊಟಾ ಕಾರ್ಖಾನೆಯನ್ನು ತೋರಿಸುತ್ತಾರೆ. ಚನ್ನಪಟ್ಟಣದ ಬೊಂಬೆಗೆ ಬಾವಾಸ್ ಮಿಯಾನ್ ಜಪಾನಿ ತಂತ್ರ ಅಳವಡಿಸಿದರೆಂಬ ಮಾತನ್ನೂ ನೆನೆಯುತ್ತಾರೆ. ರೇಷ್ಮೆಯ ನಂಟು ಹೆಚ್ಚು ಆಳದ್ದು ಎಂಬುದು ನನ್ನ ಭಾವನೆ. 1890ರ ದಶಕದ ಕೊನೆಯಲ್ಲಿ ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನ ಬಸವನಗುಡಿ ಬಳಿ ರೇಷ್ಮೆ ತೋಟ ಆರಂಭಿಸಿದಾಗ ದಿವಾನ್ ಶೇಷಾದ್ರಿ ಅಯ್ಯರ್ ಅವರ ಸರ್ಕಾರ ನೆಲ ಕೊಟ್ಟಿತು, ತೋಟ ನಡೆಸಲು ಜಪಾನಿನಿಂದ ಓಡ್ಜು ದಂಪತಿ ಬಂದರು. ತೋಟ ಹೋಗಿ ಎಷ್ಟೋ ಕಾಲವಾಯಿತು, ಟಾಟಾ ಸಿಲ್ಕ್ ಫಾರ್ಮ್ ಎಂಬ ಬಡಾವಣೆಯ ಹೆಸರು ಉಳಿದಿದೆ. ಮುಂದೆ ಮೈಸೂರು ಸಂಸ್ಥಾನದ ರೇಷ್ಮೆ ಇಲಾಖೆಗೆ ಯೊನೆಮುರಾ ಎಂಬ ತಜ್ಞರು ಬಂದರು. ಎನ್. ರಾಮರಾಯರೊಂದಿಗೆ ಸೇರಿ ಅವರು ಬರೆದ ಹುಳು ಸಾಕಣೆಯ ಕೈಪಿಡಿಯನ್ನು 1920ರ ದಶಕದಲ್ಲಿ ಸಂಸ್ಥಾನವೇ ಅಚ್ಚು ಹಾಕಿಸಿತು. ಅಷ್ಟರಲ್ಲಿ ಜಪಾನಿನ ವಿಜ್ಞಾನಿ ತೋಯಾಮ ಕಮೆತಾರೊ ಎರಡು ತಳಿ ಕೂಡಿಸಿದ ಮೊದಲ ಪೀಳಿಗೆಯ ಹುಳು ಎರಡಕ್ಕಿಂತಲೂ ಗಟ್ಟಿ ಎಂದು ತೋರಿಸಿಕೊಟ್ಟಿದ್ದರು. ನಮ್ಮ ಮಿಶ್ರತಳಿಯ ಬೇರು ಅಲ್ಲಿದೆ. ಹುಳುವಿನ ಹೊಟ್ಟೆ ತುಂಬಿಸುವ ಸೊಪ್ಪಿನ ವಿಷಯದಲ್ಲಿ ಮಾತ್ರ ಇದೇ ಜಿಲ್ಲೆ ದಾನಿ. ಚನ್ನಪಟ್ಟಣ ತಾಲ್ಲೂಕಿನ ಕಣ್ವ ತೋಟದಲ್ಲಿ ಆಯ್ದ ಕಣ್ವ-2 ಹಿಪ್ಪುನೇರಳೆ ದಶಕಗಳ ಕಾಲ ರಾಜ್ಯದ ಹೊಲಗಳನ್ನು ಆಳಿತು.

ಇಷ್ಟಾದರೂ ಶುದ್ಧ ದ್ವಿತಳಿ ಬೆಳೆ ನಮ್ಮ ರೈತರ ಕೈಗೆ ಹತ್ತಿರಲಿಲ್ಲ. ಅಡ್ಡಿಯಾದದ್ದು ಬೇಸಿಗೆ.

ಇಲ್ಲಿ ಎರಡು ನಾಡುಗಳ ಬೇಸಿಗೆಯನ್ನು ಅಕ್ಕಪಕ್ಕ ಇಟ್ಟು ನೋಡಬೇಕು. ಜಪಾನಿನ ಹುಳು ಚಳಿಗಾಲವಿರುವ ನಾಡಿನ ಜೀವಿ. ಅದರ ಮೊಟ್ಟೆ ಚಳಿಯುದ್ದಕ್ಕೂ ನಿದ್ರಿಸಿ ವಸಂತದಲ್ಲಿ ಒಡೆಯುತ್ತದೆ. ಬೇಸಿಗೆಯಲ್ಲೂ ಇನ್ನೊಂದು ಬೆಳೆ ತೆಗೆಯಬೇಕೆಂದು ಗುನ್ಮಾ ಪ್ರಾಂತ್ಯದವರು ಮಾಡಿದ ಉಪಾಯ ನನಗೆ ಬಹಳ ಮೆಚ್ಚಿಗೆ. ಅರಾಫುನೆ ಎಂಬಲ್ಲಿ ಕಲ್ಲುಬಂಡೆಗಳ ಸಂದಿನಿಂದ ಬಿರುಬೇಸಿಗೆಯಲ್ಲೂ ಮಂಜಿನಂಥ ಗಾಳಿ ಬರುತ್ತದೆ. ಅದರ ಮೇಲೆ ಉಗ್ರಾಣ ಕಟ್ಟಿ, ಮೊಟ್ಟೆಯ ನಿದ್ದೆಯನ್ನು ಬೇಕಾದಷ್ಟು ದಿನ ಮುಂದುವರಿಸಿ, ಬೇಸಿಗೆಗೂ ಶರತ್ಕಾಲಕ್ಕೂ ಬೇಕಾದಾಗ ಎಬ್ಬಿಸಿದರು. ತಾಜಿಮಾ ಯಾಹೇ ಎಂಬ ರೈತ 1863ರಲ್ಲಿ ಕಟ್ಟಿದ ಮನೆಯ ನೆತ್ತಿಯಲ್ಲಿ ಉದ್ದಕ್ಕೂ ಗಾಳಿಗಂಡಿ ಇದೆ. ಸೆಖೆ ಮೇಲೇರಿ ಹೊರಗೆ ಹೋಗಲಿ ಎಂಬ ಏರ್ಪಾಡು. 1872ರ ತೊಮಿಯೊಕಾ ರೇಷ್ಮೆ ಗಿರಣಿಯ ಜೊತೆಗೆ ಇವೆರಡೂ 2014ರಲ್ಲಿ ಯುನೆಸ್ಕೊ ಪರಂಪರೆಯ ಪಟ್ಟಿ ಸೇರಿದವು.

ನಮ್ಮದು ತದ್ವಿರುದ್ಧ. ಮೈಸೂರು ತಳಿಯ ಮೊಟ್ಟೆಗೆ ನಿದ್ದೆಯೇ ಇಲ್ಲ. ಹತ್ತು ಹನ್ನೊಂದು ದಿನಕ್ಕೆ ಒಡೆದು ವರ್ಷವಿಡೀ ಬೆಳೆ ಕೊಡುತ್ತದೆ. ಬಿಸಿಲು ತಡೆಯುತ್ತದೆ. ಆದರೆ ಎಳೆಯ ಉದ್ದ ನಾನ್ನೂರು ಮೀಟರ್ ಆಸುಪಾಸು, ದ್ವಿತಳಿಯದು ಸಾವಿರ ಮೀಟರ್ ದಾಟುತ್ತದೆ. ದ್ವಿತಳಿ ಹುಳುವಿಗೆ ನಾಲ್ಕನೇ ಜ್ವರ, ಎಂದರೆ ಪೊರೆ ಕಳಚುವ ನಿದ್ದೆ, ಎದ್ದ ಮೇಲೆ 24–25 ಡಿಗ್ರಿ ಹಿತ. ಏಪ್ರಿಲ್‌ನಲ್ಲಿ ರಾಮನಗರದ ಬಂಡೆಗಳ ನಡುವೆ ಪಾದರಸ 35 ದಾಟಿರುತ್ತದೆ. ತಿನ್ನುವ ಸೊಪ್ಪಿನ ಬಹುಪಾಲನ್ನು ಹುಳು ತಿನ್ನುವುದೂ ಆ ಕೊನೆಯ ವಾರದಲ್ಲೇ. ಆಗ ಹಾಲುತೊಂಡೆಯೋ ಸಪ್ಪೆ ರೋಗವೋ ಬಿದ್ದರೆ ಮುಗಿಯಿತು, ಸಾಲ ಮಾಡಿ ತಂದ ಸೊಪ್ಪು, ಕೂಲಿ, ಎಲ್ಲ ತಿಪ್ಪೆಗೆ.

ಈ ಕಂದಕ ತುಂಬಿಸಿದ್ದು 1991ರಿಂದ 2007ರವರೆಗೆ ಮೂರು ಹಂತಗಳಲ್ಲಿ ಜಪಾನಿನ ಜೈಕಾ ಸಂಸ್ಥೆಯೂ ಕೇಂದ್ರ ರೇಷ್ಮೆ ಮಂಡಳಿಯೂ ಕೂಡಿ ನಡೆಸಿದ ಯೋಜನೆ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದ ಸಿಎಸ್‌ಆರ್ ತಳಿಗಳು ಇಂದು ರೈತರ ಬಾಯಲ್ಲಿ ನಿತ್ಯದ ಮಾತು. ಹುಳುವಿಗಿಂತ ಹೆಚ್ಚಾಗಿ ಸಾಕುವ ಬಗೆ ಬದಲಾಯಿತು. ಮೊದಲು ಮನುಷ್ಯರು ಮಲಗುವ ಮನೆಯಲ್ಲೇ ತಟ್ಟೆ ಅಟ್ಟಣೆ ಇರುತ್ತಿದ್ದವು. ಈಗ ತೋಟದ ಮಗ್ಗುಲಲ್ಲಿ ಪ್ರತ್ಯೇಕ ಹುಳುಮನೆ. ಎಲೆ ಬಿಡಿಸಿ ಹೆಚ್ಚಿ ಹಾಕುವ ಬದಲು ರೆಂಬೆ ಸಮೇತ ಕೊಯ್ದು ಹಾಸುತ್ತಾರೆ. ರೆಂಬೆಗಳ ಸಂದಿನಲ್ಲಿ ಗಾಳಿಯಾಡುತ್ತದೆ, ಹೆಂಗಸರ ಅರ್ಧ ದುಡಿಮೆ ಉಳಿಯುತ್ತದೆ. ಬೇಸಿಗೆ ಬಂತೆಂದರೆ ಚಾವಣಿಗೆ ತೆಂಗಿನ ಗರಿ ಹೊದಿಸಿ, ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ಊಜಿ ನೊಣ ನುಗ್ಗದಂತೆ ಬಲೆ ಬಿಗಿಯುತ್ತಾರೆ. ಗುನ್ಮಾದ ತಂಪು ಉಗ್ರಾಣದ ಕೆಲಸವನ್ನು ಇಲ್ಲಿ ಒದ್ದೆ ಗೋಣಿ ಮಾಡುತ್ತದೆ.

ಹುಳು ಹಣ್ಣಾದಾಗಿನ ಕೆಲಸವನ್ನು ಹತ್ತಿರದಿಂದ ನೋಡಬೇಕು. ತಿನ್ನುವುದು ನಿಲ್ಲಿಸಿ, ಮೈ ಅರೆಪಾರದರ್ಶಕವಾಗಿ, ತಲೆ ಎತ್ತಿ ಆಡಿಸುವ ಹುಳುವನ್ನು ಆಯ್ದು ಚಂದ್ರಿಕೆಗೆ ಬಿಡುತ್ತಾರೆ. ಬಿದಿರಿನ ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನೇ ಸುರುಳಿ ಸುರುಳಿಯಾಗಿ ನಿಲ್ಲಿಸಿದ ಚಂದ್ರಿಕೆ ನಮ್ಮ ಮೇದರ ಕೈಚಳಕ. ಊರ ಗೋಡೆಗಳಿಗೆ ಅವು ಸಾಲಾಗಿ ಒರಗಿ ನಿಂತಿದ್ದರೆ ಬೆಳೆ ಹಣ್ಣಾಗಿದೆ ಎಂದೇ ಅರ್ಥ. ಜಪಾನಿನಿಂದ ಬಂದ ತಿರುಗುವ ಚಂದ್ರಿಕೆಯದು ಬೇರೆ ಜಾಣ್ಮೆ. ರಟ್ಟಿನ ಚೌಕಟ್ಟಿನಲ್ಲಿ ನೂರಾರು ಪುಟ್ಟ ಮನೆಗಳಿರುತ್ತವೆ. ಹುಳುವಿಗೆ ಸದಾ ಮೇಲಕ್ಕೆ ಹತ್ತುವ ಚಟ. ಎಲ್ಲವೂ ಮೇಲೆ ಸೇರಿದಾಗ ಭಾರ ತಪ್ಪಿ ಚೌಕಟ್ಟು ತಾನಾಗಿ ಮಗುಚುತ್ತದೆ, ಮೇಲಿದ್ದವು ಕೆಳಗಾಗುತ್ತವೆ, ಮತ್ತೆ ಹತ್ತುತ್ತವೆ. ಹೀಗೆ ಮಗುಚುತ್ತ ಮಗುಚುತ್ತ ಒಂದೊಂದು ಹುಳುವೂ ಒಂದೊಂದು ಮನೆ ಹಿಡಿಯುತ್ತದೆ. ಜೋಡಿ ಗೂಡು ಕಡಿಮೆ, ಕಲೆ ಕಡಿಮೆ, ಮಾರುಕಟ್ಟೆಯಲ್ಲಿ ದರ ಹೆಚ್ಚು. ಮೋಟಾರಿಲ್ಲ, ವಿದ್ಯುತ್ತಿಲ್ಲ, ಹುಳುವಿನ ಸ್ವಭಾವವನ್ನೇ ಯಂತ್ರ ಮಾಡಿಕೊಂಡ ಬುದ್ಧಿಯದು.

ಬಿಳಿ ಗೂಡಿನ ಹೊಗಳಿಕೆಯಲ್ಲಿ ಮಾಗಡಿಯನ್ನು ಮರೆಯುವುದು ಅನ್ಯಾಯ. ಹಳದಿ ಮಿಶ್ರತಳಿಯ ಪ್ರತಿ ಮೊಟ್ಟೆಗೂ ತಾಯಿ ಮೈಸೂರು ತಳಿಯದು, ತಂದೆ ದ್ವಿತಳಿಯದು. ಆ ತಾಯಿ ತಳಿಯನ್ನು ಬೆರಕೆಯಾಗದಂತೆ ಉಳಿಸಿಕೊಂಡು ಬಂದಿರುವ ಬಿತ್ತನೆ ಪ್ರದೇಶಗಳಲ್ಲಿ ಮಾಗಡಿ ಮತ್ತು ಕುಣಿಗಲ್ ಸೀಮೆ ಮುಖ್ಯ. ಇಲ್ಲಿನ ಗೂಡು ನೂಲಿಗೆ ಹೋಗುವುದಿಲ್ಲ, ಬಿತ್ತನೆಗೆ ಹೋಗುತ್ತದೆ. ಮೊಟ್ಟೆ ಇಟ್ಟ ಒಂದೊಂದು ತಾಯಿ ಚಿಟ್ಟೆಯನ್ನೂ ಅರೆದು, ಗಂಟು ರೋಗದ ಸೋಂಕಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿದ ಮೇಲೆಯೇ ಮೊಟ್ಟೆ ರೈತನಿಗೆ ಸಿಗಬೇಕು.

ಜಪಾನಿನಲ್ಲಿ ಕೊಯಿಶಿಮಾರು ಎಂಬ ಹಳೆಯ ತಳಿಯನ್ನು ಅರಮನೆಯೇ ಸಾಕುತ್ತಿದೆ. 1871ರಲ್ಲಿ ಆರಂಭವಾದ ಪದ್ಧತಿಯಂತೆ ಸಾಮ್ರಾಜ್ಞಿ ತಾವೇ ಹುಳುವಿಗೆ ಸೊಪ್ಪು ಹಾಕುತ್ತಾರೆ, ಆ ಎಳೆಯಿಂದ ನಾರಾದ ಶೊಸೊಇನ್ ಭಂಡಾರದ ಪ್ರಾಚೀನ ವಸ್ತ್ರಗಳ ಪ್ರತಿರೂಪ ನೇಯ್ದಿದ್ದಾರೆ. ಮೈಸೂರು ತಳಿಗೆ ಅರಮನೆಯಿಲ್ಲ, ಎಕರೆ ಅರ್ಧ ಎಕರೆಯ ರೈತರೇ ಅದನ್ನು ಕಾಯುತ್ತಿದ್ದಾರೆ. ಬಿರುಬೇಸಿಗೆಯಲ್ಲಿ ದ್ವಿತಳಿ ಇಡಲು ಧೈರ್ಯ ಸಾಲದ ರೈತ ಮಿಶ್ರತಳಿಯ ಚಾಕಿಗೇ, ಎಂದರೆ ಎಳೆಯ ಹುಳುವಿಗೇ, ಮುಂಗಡ ಕೊಡುತ್ತಾನೆ. ಬಿತ್ತನೆ ಗೂಡಿಗೆ ನ್ಯಾಯವಾದ ಬೆಲೆ ಕೊಟ್ಟು ಮಾಗಡಿಯ ಮನೆಗಳನ್ನು ಈ ಕಸುಬಿನಲ್ಲಿ ಉಳಿಸಿಕೊಂಡರಷ್ಟೇ ಏಪ್ರಿಲ್, ಮೇ ತಿಂಗಳಲ್ಲೂ ರಾಮನಗರದ ಜಾಲರಿ ತುಂಬುತ್ತದೆ, ಊರಿನ ರೀಲಿಂಗ್ ಒಲೆಗಳಿಗೆ ಕೆಲಸ ಸಿಗುತ್ತದೆ.